ಮನಶ್ಶಾಸ್ತ್ರಜ್ಞ ಗೋಪಾಲಸ್ವಾಮಿಯವರು ಮತ್ತು ಕಲಿಕೆಯ ಗುಟ್ಟು

'ಆಕಾಶವಾಣಿ' ಎಂಬ ಮಾತನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಆದರೆ ಆ ಹೆಸರಿನ ಬಾನುಲಿ ನಿಲಯವೊಂದನ್ನು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಸ್ಥಾಪಿಸಿದವರು ಒಬ್ಬ ಮನಶ್ಶಾಸ್ತ್ರದ ಪ್ರಾಧ್ಯಾಪಕರೆಂಬುದು ಹೆಚ್ಚು ಜನರಿಗೆ ತಿಳಿಯದು. ಅವರೇ ಎಂ. ವಿ. ಗೋಪಾಲಸ್ವಾಮಿಯವರು. ಮುಂದೆ ಆ ನಿಲಯವನ್ನು ಮೈಸೂರು ಸಂಸ್ಥಾನವು ವಹಿಸಿಕೊಂಡಿತು. ಅನಂತರ ಇಡೀ ಭಾರತದ ಬಾನುಲಿಯೇ ಅದರ ಹೆಸರನ್ನು ತನ್ನದಾಗಿಸಿಕೊಂಡಿತು. ಕೀರ್ತಿಯ ರೀತಿ ವಿಚಿತ್ರವಾದುದು. ಒಬ್ಬರು ಬಿಡುವಿನ ವೇಳೆಯಲ್ಲಿ ಮಾಡಿದ ಕೆಲಸ ಲೋಕದ ನೆನಪಿನಲ್ಲಿ ಉಳಿಯುತ್ತದೆ. ಜೀವಮಾನವೆಲ್ಲ ಮಾಡಿದ ಕೆಲಸ ಗ್ರಂಥಾಲಯದ ಹಳೆಯ ಸಂಪುಟಗಳಲ್ಲಿ ಮಲಗಿರುತ್ತದೆ. ಈ ಲೇಖನದಲ್ಲಿ ಅವರ ಬಾನುಲಿಯನ್ನು ಬದಿಗಿಟ್ಟು, ಅವರು ವೃತ್ತಿಯಾಗಿ ಕೈಗೊಂಡಿದ್ದ ವಿಷಯವನ್ನು ಕುರಿತು ಹೇಳಬೇಕೆಂದಿದ್ದೇನೆ. ಏಕೆಂದರೆ ಆ ವಿಷಯವು ದಿನವೂ ಪುಸ್ತಕ ಹಿಡಿದು ಕುಳಿತುಕೊಳ್ಳುವ ನಿಮಗೆ ಸಂಬಂಧಿಸಿದುದು: ಮನುಷ್ಯನು ಕಲಿಯುವುದು ಹೇಗೆ?

ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಪದ್ಧತಿ ಬಹಳ ಹಳೆಯದೇನಲ್ಲ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವುಂಟ್ ಎಂಬ ಪಂಡಿತರು 1879ರಲ್ಲಿ ಇಂಥ ಪ್ರಯೋಗಶಾಲೆಯನ್ನು ತೆರೆದರು. ನಮ್ಮ ದೇಶದಲ್ಲಿ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಅನಂತರ ಈ ಶಾಸ್ತ್ರಕ್ಕೆ ಎಡೆಕೊಟ್ಟುದು ನಮ್ಮ ಮೈಸೂರು. ಅಲ್ಲಿಯ ವಿಭಾಗ 1924ರಲ್ಲಿ ಆರಂಭವಾಯಿತು. ಆಗ ಕುಲಪತಿಗಳಾಗಿದ್ದವರು ತತ್ತ್ವಜ್ಞಾನಿಗಳಾದ ಬ್ರಜೇಂದ್ರನಾಥ ಸೀಲರು. ವಿಭಾಗದ ಹೊಣೆಯನ್ನು ಹೊತ್ತವರು ಲಂಡನ್ನಿನಿಂದ ಮರಳಿದ್ದ ಗೋಪಾಲಸ್ವಾಮಿಯವರು.

ಲಂಡನ್ನಿನಲ್ಲಿ ಅವರ ಗುರುಗಳು ಚಾರ್ಲ್ಸ್ ಸ್ಪಿಯರ್‌ಮನ್. ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಆ ಕೆಲಸವನ್ನು ಬಿಟ್ಟು, ನಡುವಯಸ್ಸಿನಲ್ಲಿ ಡಾಕ್ಟರೇಟ್ ಪಡೆದು ಪ್ರಾಧ್ಯಾಪಕರಾದ ಅಪೂರ್ವ ವ್ಯಕ್ತಿ ಅವರು. ಗಣಿತದಲ್ಲಿ ಚುರುಕಾದ ಮಕ್ಕಳು ಭಾಷೆಯಲ್ಲಿಯೂ ಸಂಗೀತದ ಸ್ವರಭೇದದಲ್ಲಿಯೂ ಸಾಮಾನ್ಯವಾಗಿ ಚುರುಕಾಗಿಯೇ ಇರುತ್ತಾರೆಂಬುದನ್ನು ಅವರು 1904ರಲ್ಲಿ ಲೆಕ್ಕ ಹಾಕಿ ತೋರಿಸಿ, ಇವೆಲ್ಲಕ್ಕೂ ಹಿನ್ನೆಲೆಯಾಗಿ ಒಂದು ಸಾಮಾನ್ಯ ಬುದ್ಧಿಶಕ್ತಿ ಇರಬೇಕೆಂದು ಊಹಿಸಿದರು. ಈ ಊಹೆಯ ಮೇಲೆ ಬೆಳೆದ ಬುದ್ಧಿಮಾಪನ ಪರೀಕ್ಷೆಗಳು ಮಕ್ಕಳ ಹಣೆಗೆ ಅಂಕಿಯೊಂದನ್ನು ಅಂಟಿಸುವ ಕೆಲಸಕ್ಕೂ ಬಳಕೆಯಾದವು. ಅದು ನನಗೆ ಒಪ್ಪಿಗೆಯಾದ ಮಾತಲ್ಲ. ಆದರೆ ಆ ವಿವಾದ ಇಲ್ಲಿ ಬೇಡ. ಇಂಥ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ತಿದ್ದಿದ ವಿ. ವಿ. ಕಾಮತರ ಕಾರ್ಯವು 1934ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತೆಂಬುದನ್ನು ಮಾತ್ರ ನೆನಪಿನಲ್ಲಿಡಬಹುದು.

ಸ್ಪಿಯರ್‌ಮನ್ನರ ಇನ್ನೊಂದು ವಿಚಾರವು ನಮಗೆ ಹೆಚ್ಚು ಉಪಯುಕ್ತವಾದುದು. ಬುದ್ಧಿ ಎಷ್ಟಿದೆ ಎಂದು ಅಳೆಯುವುದಕ್ಕೆ ಮೊದಲು ಬುದ್ಧಿ ಎಂದರೇನು, ಅದು ಏನು ಮಾಡುತ್ತದೆ ಎಂಬುದನ್ನು ಹೇಳಬೇಕಷ್ಟೆ? 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಅರಿವಿನ ಮೂರು ನಿಯಮಗಳನ್ನು ಹೇಳಿದರು. ಮೊದಲನೆಯದು, ನಮಗೆ ಆಗುವ ಅನುಭವವನ್ನು ಮನಸ್ಸು ಗ್ರಹಿಸುತ್ತದೆ. ಎರಡನೆಯದು, ಎರಡು ವಸ್ತುಗಳನ್ನು ಮುಂದಿಟ್ಟರೆ ಅವುಗಳ ನಡುವಣ ಸಂಬಂಧವನ್ನು ಅದು ಹೊರತೆಗೆಯುತ್ತದೆ. ಮೂರನೆಯದು, ಒಂದು ವಸ್ತುವನ್ನೂ ಒಂದು ಸಂಬಂಧವನ್ನೂ ಕೊಟ್ಟರೆ, ಆ ಸಂಬಂಧಕ್ಕೆ ತಕ್ಕ ಎರಡನೆಯ ವಸ್ತುವನ್ನು ತಾನೇ ಹುಡುಕಿಕೊಳ್ಳುತ್ತದೆ.

ಇದು ಒಗಟಿನಂತೆ ತೋರಬಹುದು. ಹಸು, ಕರು ಎಂಬ ಎರಡು ಮಾತುಗಳನ್ನು ಕೇಳಿದೊಡನೆ ತಾಯಿ ಮತ್ತು ಮರಿಯ ಸಂಬಂಧ ನಿಮಗೆ ಹೊಳೆಯುತ್ತದೆ. ಇದು ಎರಡನೆಯ ನಿಯಮ. ಹಸುವಿಗೆ ಕರುವಾದರೆ ನಾಯಿಗೆ ಏನು ಎಂದು ಕೇಳಿದರೆ 'ಮರಿ' ಎನ್ನುತ್ತೀರಿ, ಇದು ಮೂರನೆಯದು. ಕೆಳಗಿನ ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಒಂದು ಮಗು 'ಬೆಕ್ಕು' ಎಂದು ಉತ್ತರ ಕೊಡುವುದೂ ಉಂಟು. ಆ ಮಗು ದಡ್ಡನಲ್ಲ. ನಾಯಿಯೊಡನೆ ಬೆಕ್ಕಿನ ಹೆಸರನ್ನು ಸಾವಿರ ಬಾರಿ ಕೇಳಿದೆ. ಬಳಕೆಯ ಜೋಡಿಯನ್ನು ಒಪ್ಪಿಸಿದೆ. ಆದರೆ ಸಂಬಂಧವನ್ನು ನೋಡಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಉತ್ತರಗಳನ್ನು ಉರುಹೊಡೆಯುವ ದೊಡ್ಡ ಹುಡುಗರೂ ಮಾಡುವುದು ಹೆಚ್ಚು ಕಡಿಮೆ ಇದನ್ನೇ ಅಲ್ಲವೆ?

ಇಲ್ಲಿಂದ ಒಂದು ದೊಡ್ಡ ವ್ಯಾಜ್ಯವು ಹುಟ್ಟಿಕೊಂಡಿತು. ಅಮೆರಿಕದ ಥಾರ್ನ್‌ಡೈಕ್ ಎಂಬವರು 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿ ಕೂಡಿ ಹೊರಗೆ ಆಹಾರವನ್ನಿಟ್ಟರು. ಅಗುಳಿಯನ್ನು ಸರಿಸಿದರೆ ಬಾಗಿಲು ತೆರೆಯುತ್ತಿದ್ದಿತು. ಬೆಕ್ಕು ಪರಚಿತು, ಕಚ್ಚಿತು, ಹಾರಿತು. ಅಕಸ್ಮಾತ್ತಾಗಿ ಅಗುಳಿಗೆ ಕಾಲು ತಗುಲಿ ಹೊರಬಂದಿತು. ಮತ್ತೆ ಕೂಡಿದರೆ ತುಸು ಬೇಗ ಬಂದಿತು. ಹೀಗೆ ಕಾಲಾವಧಿಯು ಮೆಲ್ಲಮೆಲ್ಲನೆ ಇಳಿಯಿತೇ ಹೊರತು 'ಓಹೋ, ತಿಳಿಯಿತು' ಎನ್ನುವಂತೆ ಒಮ್ಮೆಲೇ ಇಳಿಯಲಿಲ್ಲ. ಆದುದರಿಂದ ಬೆಕ್ಕಿಗೆ ಏನೂ 'ತಿಳಿದಿಲ್ಲ'. ಫಲ ಕೊಟ್ಟ ಚಲನೆ ಉಳಿದುಕೊಂಡಿದೆ, ಫಲ ಕೊಡದ ಚಲನೆ ಅಳಿದುಹೋಗಿದೆ, ಅಷ್ಟೆ ಎಂದು ಥಾರ್ನ್‌ಡೈಕರು ತೀರ್ಮಾನಿಸಿದರು. ಇದೇ ಪ್ರಯತ್ನ-ಪ್ರಮಾದ ಕಲಿಕೆ. ಇನ್ನೊಂದು ಕಡೆ, ಟೆನೆರಿಫ್ ದ್ವೀಪದಲ್ಲಿ ಚಿಂಪಾಂಜಿಗಳನ್ನು ಅಭ್ಯಾಸ ಮಾಡಿದ ಕೋಲರ್ ಎಂಬ ಜರ್ಮನ್ ವಿದ್ವಾಂಸರು, ಸುಲ್ತಾನ್ ಎಂಬ ಚಿಂಪಾಂಜಿಯು ಎರಡು ಕೋಲುಗಳನ್ನು ಒಂದರೊಳಗೊಂದು ಸೇರಿಸಿ ಹಣ್ಣನ್ನು ಎಳೆದುಕೊಂಡುದನ್ನು ವರ್ಣಿಸಿ, ಪ್ರಾಣಿಗಳಿಗೂ ಒಳನೋಟ ಉಂಟೆಂದು ವಾದಿಸಿದರು.

ಮನುಷ್ಯನ ಮಾತೇನು? ಪಾಠವನ್ನು ತಿಳಿದುಕೊಳ್ಳುವಾಗ ಬುದ್ಧಿ ಬೇಕೆಂಬುದು ಸರಿ. ಆದರೆ ಸೈಕಲ್ ಹೊಡೆಯುವುದು, ಈಜುವುದು, ತಬಲ ಬಾರಿಸುವುದು, ಮಗ್ಗದ ಲಾಳಿಯನ್ನು ಎಸೆಯುವುದು, ಇಂಥ ಕೈಕಾಲುಗಳ ಕಲಿಕೆಯಲ್ಲಿ ಬುದ್ಧಿಗೆ ಏನು ಕೆಲಸ? ಬಿದ್ದು ಎದ್ದು ಕೈಗೆ ರೂಢಿಯಾಗುತ್ತದೆ ಎಂದೇ ಬಹಳ ಜನರ ಮತವಾಗಿದ್ದಿತು. ಗೋಪಾಲಸ್ವಾಮಿಯವರು ಕೈಹಾಕಿದ್ದು ಈ ಪ್ರಶ್ನೆಗೆ. 1924ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ' ಎಂಬ ಪತ್ರಿಕೆಯಲ್ಲಿ, ಚಲನೆಗಳ ಕಲಿಕೆಯಲ್ಲಿ ಬುದ್ಧಿಯ ಪಾತ್ರವನ್ನು ಕುರಿತ ಅವರ ಪ್ರಬಂಧವು ಪ್ರಕಟವಾಯಿತು. ಪ್ರಯತ್ನ-ಪ್ರಮಾದದ ಕಲಿಕೆ 'ಎಂದು ಕರೆಯಲ್ಪಡುವ' ಕಲಿಕೆಯನ್ನು ಅರಿವಿನ ನಿಯಮಗಳ ಬೆಳಕಿನಲ್ಲಿ ಪರೀಕ್ಷಿಸುವುದೆಂದು ಅದರ ತಲೆಬರಹವೇ ಹೇಳುತ್ತದೆ. 'ಎಂದು ಕರೆಯಲ್ಪಡುವ' ಎಂಬ ಚಿಕ್ಕ ಮಾತನ್ನು ಗಮನಿಸಿರಿ. ಅಲ್ಲಿಯೇ ಅವರ ಸಂದೇಹವು ಇಣುಕುತ್ತದೆ. ಅಂಥ ಕಲಿಕೆಯನ್ನು ಮಿತವಾದ ಶ್ರಮದಿಂದ ಸಾಧಿಸುವ ಬಗೆಯನ್ನು ಕುರಿತ ಇನ್ನೊಂದು ಪ್ರಬಂಧವೂ ಹೊರಬಂದಿತು.

ಇಂಥ ಕಲಿಕೆಯನ್ನು ಅಭ್ಯಾಸ ಮಾಡಲು ಆ ಕಾಲದ ಪ್ರಯೋಗಶಾಲೆಗಳಲ್ಲಿ ಪ್ರಸಿದ್ಧವಾಗಿದ್ದ ಸಾಧನವೊಂದು ನಮ್ಮ ನಿಮ್ಮ ಮನೆಗಳಲ್ಲಿಯೂ ಇದೆ. ಅದು ಮುಖ ನೋಡಿಕೊಳ್ಳುವ ಕನ್ನಡಿ. ಕಾಗದದ ಮೇಲೆ ಐದು ಮೂಲೆಗಳ ನಕ್ಷತ್ರವನ್ನು ಬರೆದು, ಅದರ ಒಳಗೆ ತುಸು ಅಂತರದಲ್ಲಿ ಅದೇ ಆಕಾರದ ಇನ್ನೊಂದು ನಕ್ಷತ್ರವನ್ನು ಬರೆಯಿರಿ. ಎರಡು ಗೆರೆಗಳ ನಡುವೆ ಓಣಿಯಂತೆ ದಾರಿ ಆಗುತ್ತದೆ. ಕಾಗದವನ್ನು ಮೇಜಿನ ಮೇಲಿಟ್ಟು, ಅದರ ಆಚೆಗೆ ನಿಮ್ಮ ಕಡೆ ಮುಖಮಾಡಿ ಕನ್ನಡಿಯನ್ನು ನಿಲ್ಲಿಸಿರಿ. ಗೆಳೆಯನೊಬ್ಬನು ನಿಮ್ಮ ಕಣ್ಣಿಗೂ ಕಾಗದಕ್ಕೂ ನಡುವೆ ಪುಸ್ತಕವನ್ನು ಅಡ್ಡ ಹಿಡಿಯಲಿ. ಕೈಯೂ ಕಾಗದವೂ ಕನ್ನಡಿಯಲ್ಲಲ್ಲದೆ ನೇರವಾಗಿ ಕಾಣಬಾರದು. ಈಗ ಪೆನ್ಸಿಲಿನಿಂದ ಓಣಿಯಲ್ಲಿ ಒಂದು ಸುತ್ತು ಬನ್ನಿರಿ.

ನಮ್ಮ ಎಂಟನೆಯ ತರಗತಿಯಲ್ಲಿ ಇದನ್ನು ಮಾಡಿಸಿದೆವು. ಚಿತ್ರಕಲೆಯಲ್ಲಿ ಮೊದಲಿಗರಾದವರ ಪೆನ್ಸಿಲೂ ಮೊದಲನೆಯ ಮೂಲೆಯಲ್ಲಿಯೇ ನಿಂತು ನಡುಗಿತು. ಕೈಯನ್ನು ಮುಂದಕ್ಕೆ ತಳ್ಳಿದರೆ ಕನ್ನಡಿಯೊಳಗಿನ ಪೆನ್ಸಿಲ್ ನಮ್ಮ ಕಡೆಗೇ ಬರುತ್ತದೆ. ಹಿಂದಕ್ಕೆ ಎಳೆದರೆ ದೂರ ಸರಿಯುತ್ತದೆ. ವಿನೋದವೆಂದರೆ ಎಡಬಲಗಳು ಬದಲಾಗಿರುವುದಿಲ್ಲ. ಆದುದರಿಂದ ಅಡ್ಡಗೆರೆ ಸುಲಭ. ಓರೆಗೆರೆಯಲ್ಲಿ ಮಾತ್ರ ಒಂದು ದಿಕ್ಕು ಸರಿಯಾಗಿದ್ದು ಇನ್ನೊಂದು ತಿರುಗುಮುರುಗಾಗಿರುವುದರಿಂದ ಕೈ ಕಂಗೆಡುತ್ತದೆ. ಕೆಲವರು ಸಿಕ್ಕಸಿಕ್ಕ ಕಡೆಗೆ ಗೀಚಿ ದಾರಿ ಹುಡುಕಿದರು. ಇದು ಥಾರ್ನ್‌ಡೈಕರ ಬೆಕ್ಕಿನ ರೀತಿ. ಒಬ್ಬ ಹುಡುಗಿ ಮಾತ್ರ ಪೆನ್ಸಿಲನ್ನು ಎತ್ತದೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಸಾರ್, ಮುಂದೆ ಹಿಂದೆ ಮಾತ್ರ ಉಲ್ಟಾ ಇದೆ, ಆಚೆ ಈಚೆ ಸರಿಯಾಗಿಯೇ ಇದೆ" ಎಂದಳು. ಸಂಬಂಧವು ಅವಳಿಗೆ ಕಂಡಿತ್ತು. ಆದರೂ ಅವಳ ಕೈ ತಕ್ಷಣ ಅವಳ ಮಾತನ್ನು ಕೇಳಲಿಲ್ಲ. ಇನ್ನೂ ಮೂರು ನಾಲ್ಕು ಸುತ್ತು ಬೇಕಾಯಿತು. ತಿಳಿವಳಿಕೆಯೂ ಬೇಕು, ಅಭ್ಯಾಸವೂ ಬೇಕು, ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು ಎಂಬುದು ಆ ಮೇಜಿನ ಸುತ್ತ ನಿಂತವರಿಗೆಲ್ಲ ಕಣ್ಣಾರೆ ಕಂಡಿತು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಬಲಗೈಯಿಂದ ಹತ್ತಾರು ಬಾರಿ ಅಭ್ಯಾಸ ಮಾಡಿದ ಮೇಲೆ, ಅಭ್ಯಾಸವೇ ಇಲ್ಲದ ಎಡಗೈಯಿಂದ ಬರೆದರೆ ಅದೂ ಮೊದಲಿಗಿಂತ ಎಷ್ಟೋ ಚೆನ್ನಾಗಿ ನಡೆಯುತ್ತದೆ. ಇದನ್ನು 1910ರ ಸುಮಾರಿಗೇ ಅಮೆರಿಕದಲ್ಲಿ ಕಂಡುಕೊಂಡಿದ್ದರು. ಕಲಿತದ್ದು ಬಲಗೈಯ ಸ್ನಾಯುಗಳು ಮಾತ್ರವಾಗಿದ್ದರೆ ಎಡಗೈಗೆ ಅದನ್ನು ಹೇಳಿಕೊಟ್ಟವರು ಯಾರು?

ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಹುಕಾಲ ಈ ಶಾಸ್ತ್ರವನ್ನು ಬೋಧಿಸಿದರು. ಪುಟ್ಟ ಮಕ್ಕಳ ಶಿಕ್ಷಣದಲ್ಲಿಯೂ ಅವರಿಗೆ ಆಸಕ್ತಿ ಇದ್ದಿತು. ಮೈಸೂರಿನಲ್ಲಿ ಅವರ ಹೆಸರನ್ನು ಹೊತ್ತ ಶಿಶುವಿಹಾರವಿದೆ. ಅವರ ಪ್ರಶ್ನೆಗೆ ಯಾರೂ ನಿರೀಕ್ಷಿಸದ ದಿಕ್ಕಿನಿಂದ ಉತ್ತರವೊಂದು ಬಂದದ್ದು ಬಹು ದೂರದ ಊರಿನಲ್ಲಿ.

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1953ರಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನ ಮಿದುಳಿಗೆ ಶಸ್ತ್ರಚಿಕಿತ್ಸೆ ನಡೆಯಿತು. ತೀವ್ರವಾದ ಮೂರ್ಛೆರೋಗವನ್ನು ಕಡಿಮೆ ಮಾಡುವುದಕ್ಕಾಗಿ ವೈದ್ಯರು ಮಿದುಳಿನ ಎರಡು ಪಕ್ಕಗಳ ಒಳಭಾಗವನ್ನೂ ಸ್ವಲ್ಪ ಸ್ವಲ್ಪ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು, ಆದರೆ ಅಂದಿನಿಂದ ಅವನಿಗೆ ಹೊಸ ನೆನಪು ನಿಲ್ಲದಂತಾಯಿತು. ಮಾತನಾಡುತ್ತಿದ್ದವರು ಹೊರಗೆ ಹೋಗಿ ಮರಳಿ ಬಂದರೆ, ಹೊಸಬರೆಂದೇ ಭಾವಿಸಿ ನಮಸ್ಕರಿಸುವ ಸ್ಥಿತಿ. ಬುದ್ಧಿಶಕ್ತಿಯೂ ಸೌಜನ್ಯವೂ ಕುಂದಿರಲಿಲ್ಲ. ಮಾಂಟ್ರಿಯಲಿನ ಬ್ರೆಂಡ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವನಿಗೆ ಇದೇ ಕನ್ನಡಿ-ನಕ್ಷತ್ರದ ಪ್ರಯೋಗವನ್ನು ಮೂರು ದಿನ ಮಾಡಿಸಿದರು. ಪ್ರತಿದಿನವೂ, ಇಂಥ ಆಟವನ್ನು ತಾನು ಹಿಂದೆ ಆಡಿಯೇ ಇಲ್ಲವೆಂಬ ನಂಬಿಕೆಯಿಂದ ಅವನು ಕುಳಿತುಕೊಳ್ಳುತ್ತಿದ್ದನು. ಆದರೆ ಅವನ ಕೈ ಹಿಂದಿನ ದಿನ ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಂದಲೇ ಮುಂದುವರಿಯಿತು. ಮೂರನೆಯ ದಿನ ತಪ್ಪುಗಳು ತೀರ ಕಡಿಮೆಯಾಗಿದ್ದವು. 1962ರಲ್ಲಿ ಮಿಲ್ನರ್ ಇದನ್ನು ಪ್ರಕಟಿಸಿದಾಗ, ನೆನಪೆಂಬುದು ಒಂದೇ ಬಗೆಯದಲ್ಲವೆಂಬುದು ಸ್ಥಿರಪಟ್ಟಿತು. 'ಇಂಥ ದಿನ ಇದನ್ನು ಮಾಡಿದೆ' ಎಂಬ ನೆನಪು ಬೇರೆ. 'ಇದನ್ನು ಹೀಗೆ ಮಾಡಬೇಕು' ಎಂಬ ಕೈಯ ನೆನಪು ಬೇರೆ. ಮೊಲೈಸನ್ 2008ರಲ್ಲಿ ತೀರಿಕೊಂಡ ಮೇಲೆಯೇ ಲೋಕಕ್ಕೆ ಅವನ ಪೂರ್ಣ ಹೆಸರು ತಿಳಿದದ್ದು. ಅದುವರೆಗೆ ಪುಸ್ತಕಗಳಲ್ಲೆಲ್ಲ ಅವನು ಎಚ್. ಎಂ. ಎಂಬ ಎರಡು ಅಕ್ಷರ ಮಾತ್ರ.

ಥಾರ್ನ್‌ಡೈಕರು ಗೆದ್ದರೋ ಗೋಪಾಲಸ್ವಾಮಿಯವರ ಪಕ್ಷ ಗೆದ್ದಿತೋ ಎಂದು ಕೇಳಬೇಡಿರಿ. ಶಾಸ್ತ್ರದಲ್ಲಿ ವ್ಯಾಜ್ಯಗಳು ಸಾಮಾನ್ಯವಾಗಿ ಕುಸ್ತಿಯಂತೆ ಮುಗಿಯುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬಸ್ಸಿನಲ್ಲಿ ದಖನಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷು ಹಿಂದಿಗಳು, ಹೀಗೆ ಹೈದರಾಬಾದಿನ ಕನ್ನಡ ಮಕ್ಕಳ ದಿನ ಕಳೆಯುತ್ತದೆ. ರಾಯಚೂರಿನ ಕಡೆಯಿಂದ ಬಂದ ನನಗೆ ಇದು ಪೂರ್ತಿ ಹೊಸದಲ್ಲ. ಆದರೆ ಇಲ್ಲಿಯಷ್ಟು ದಟ್ಟವಾಗಿ ಕಂಡಿರಲಿಲ್ಲ. ಶಾಲೆಗೆ ಬರುವ ಎಷ್ಟೋ ತಂದೆತಾಯಿಗಳು, "ಇಷ್ಟು ಭಾಷೆ ಮಗುವಿನ ತಲೆಗೆ ಭಾರವಲ್ಲವೆ ಸಾರ್? ಕನ್ನಡವನ್ನು ಬಿಡಿಸಿದರೆ ಉಳಿದದ್ದಾದರೂ ಚೆನ್ನಾಗಿ ಬಂದೀತು" ಎನ್ನುತ್ತಾರೆ. ಅವರ ಕಳವಳ ಸುಳ್ಳಲ್ಲ. ಪಂಡಿತರೂ ಒಂದು ಕಾಲಕ್ಕೆ ಹೀಗೆಯೇ ಭಾವಿಸಿದ್ದರು. 1923ರಲ್ಲಿ ವೇಲ್ಸ್ ದೇಶದ ಮಕ್ಕಳನ್ನು ಪರೀಕ್ಷಿಸಿದ ಸೇಯರ್ ಎಂಬವರು, ಎರಡು ಭಾಷೆಯ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆಂದು ಬರೆದರು. ಬಡತನ, ಶಾಲೆಯ ಅನುಕೂಲ ಮೊದಲಾದ ಭೇದಗಳನ್ನು ಸರಿಯಾಗಿ ತೂಗಿ ನೋಡದ ಇಂಥ ತೀರ್ಮಾನಗಳನ್ನು ಅಲುಗಿಸಿದವರು ಪೀಲ್ ಮತ್ತು ಲ್ಯಾಂಬರ್ಟ್. 1962ರಲ್ಲಿ ಅವರು ಮಾಂಟ್ರಿಯಲಿನ 10 ವರ್ಷದ ಮಕ್ಕಳನ್ನು ಹೆಚ್ಚು ಎಚ್ಚರದಿಂದ ಹೋಲಿಸಿ ನೋಡಿದಾಗ ಎರಡು ಭಾಷೆಯವರೇ ಮುಂದಿದ್ದರು.

ಎರಡು ಭಾಷೆಯ ಮನಸ್ಸಿನಲ್ಲಿ ನಡೆಯುವುದೇನು? ಅಂಗಡಿಯಲ್ಲಿ ತೆಲುಗಿನಲ್ಲಿ 'ಪಾಲು' ಎಂದು ಕೇಳಿದರೆ ಹಾಲು ಕೊಡುತ್ತಾರೆ. ಮನೆಗೆ ಬಂದು ಕನ್ನಡದಲ್ಲಿ 'ಪಾಲು' ಎಂದರೆ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳಲು ಹೊರಟಂತೆ ಆಗುತ್ತದೆ. ತೆಲುಗಿನ 'ಮಾಟ' ಬರಿಯ ಮಾತು. ಕನ್ನಡದ 'ಮಾಟ'ವನ್ನು ಮಾಡಿಸಿದರೆ ನೆರೆಯವರು ಸುಮ್ಮನಿರುವುದಿಲ್ಲ. ಒಂದು ಭಾಷೆಯನ್ನು ಆಡುವಾಗ ಇನ್ನೊಂದು ನಿದ್ದೆ ಹೋಗಿರುವುದಿಲ್ಲ. ಅದು ಬಾಗಿಲಿನಲ್ಲಿಯೇ ನಿಂತಿರುತ್ತದೆ. ಬೇಡದ ಮಾತನ್ನು ತಡೆಯುವುದು, ಬೇಕಾದುದನ್ನು ಒಳಬಿಡುವುದು, ಎದುರಿಗಿರುವವರನ್ನು ನೋಡಿ ಭಾಷೆಯನ್ನು ಬದಲಿಸುವುದು, ಈ ಕಾವಲು ಕೆಲಸವನ್ನು ಮನಸ್ಸು ದಿನಕ್ಕೆ ನೂರಾರು ಬಾರಿ ಮಾಡುತ್ತದೆ. ಟೊರಾಂಟೋ ನಗರದ ಎಲೆನ್ ಬಿಯಾಲಿಸ್ಟಾಕ್ ಎಂಬ ಮನಶ್ಶಾಸ್ತ್ರಜ್ಞೆ, ಇದು ಮಿದುಳಿಗೆ ಜೀವಮಾನದ ವ್ಯಾಯಾಮವಾಗಬಹುದೆಂದು ಊಹಿಸಿದರು. ಮುಪ್ಪಿನ ಮರೆವಿನ ರೋಗವಾದ ಡಿಮೆನ್ಷಿಯವು ದ್ವಿಭಾಷಿಗಳಲ್ಲಿ ಸುಮಾರು 4 ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2007ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ವರದಿ ಮಾಡಿದರು. ಅಲ್ಲಿ ಒಂದು ತೊಡಕಿದ್ದಿತು. ಟೊರಾಂಟೋದ ದ್ವಿಭಾಷಿಗಳಲ್ಲಿ ಅನೇಕರು ಬೇರೆ ದೇಶಗಳಿಂದ ಬಂದು ನೆಲೆಸಿದವರು. ಹೊಸ ದೇಶಕ್ಕೆ ಹೊರಟುಬರುವ ಗಟ್ಟಿಗರು ಮೊದಲೇ ಬೇರೆ ಬಗೆಯವರಾಗಿದ್ದರೆ?

ಆ ತೊಡಕನ್ನು ಬಿಡಿಸಲು ತಕ್ಕ ಊರು ಯಾವುದು? ಊರು ಬಿಡದವರೂ ಅಕ್ಷರ ಕಲಿಯದವರೂ ಎರಡು ಮೂರು ಭಾಷೆ ಮಾತನಾಡುವ ಊರು, ಅಂದರೆ ನಮ್ಮ ಹೈದರಾಬಾದು. ಪಂಜಗುಟ್ಟದ ನಿಜಾಮ್ಸ್ ವೈದ್ಯಕೀಯ ಸಂಸ್ಥೆ, ಜನರ ಬಾಯಲ್ಲಿ 'ನಿಮ್ಸ್', ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅಲ್ಲಿ ನರರೋಗ ತಜ್ಞೆಯಾಗಿದ್ದ ಡಾ. ಸುವರ್ಣ ಅಲ್ಲಾಡಿಯವರು ಸಹೋದ್ಯೋಗಿಗಳೊಡನೆ 648 ಮಂದಿ ಡಿಮೆನ್ಷಿಯ ರೋಗಿಗಳ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ರೋಗವು ಸರಾಸರಿ 4½ ವರ್ಷ ತಡವಾಗಿ ಆರಂಭವಾಗಿದ್ದಿತು. ಓದುಬರಹ ತಿಳಿಯದವರಲ್ಲಿಯೂ ಈ ಅಂತರ ಕಂಡುಬಂದುದರಿಂದ ಇದು ಕೇವಲ ವಿದ್ಯಾಭ್ಯಾಸದ ಫಲವೆನ್ನುವಂತಿರಲಿಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಲಾಭವೂ ಹೆಚ್ಚುವುದೆಂಬುದಕ್ಕೆ ಮಾತ್ರ ಆಧಾರ ದೊರೆಯಲಿಲ್ಲ. ಪಾರ್ಶ್ವವಾಯುವಿಗೆ ತುತ್ತಾದ 608 ಮಂದಿಯನ್ನು ಕುರಿತು 2016ರಲ್ಲಿ ಬಂದ ಇನ್ನೊಂದು ವರದಿಯಲ್ಲಿ, ಆಘಾತದ ಅನಂತರವೂ ಮನಶ್ಶಕ್ತಿ ಕುಂದದೆ ಉಳಿದವರು ದ್ವಿಭಾಷಿಗಳಲ್ಲಿ ನೂರಕ್ಕೆ 40ರಷ್ಟು, ಏಕಭಾಷಿಗಳಲ್ಲಿ 20ರಷ್ಟು ಎಂದಿದೆ. ಡಾ. ಸುವರ್ಣ ಅವರು ಅನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಹೋದರು.

ಇದನ್ನು ಓದಿ, ಕನ್ನಡ ಕಲಿತರೆ ಮರೆವು ಬಾರದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ರೋಗವು ತಡವಾಗಿ ತೋರುತ್ತದೆಂದರೆ ಬರುವುದೇ ಇಲ್ಲವೆಂದಲ್ಲ. ಇವು ಸರಾಸರಿಯ ಲೆಕ್ಕಗಳು. ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿ ಮಾಡಿದ ಲೆಕ್ಕಗಳು. ಆರೋಗ್ಯವಂತರನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಕೆಲವು ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟವಾದ ಲಾಭ ಕಂಡುಬಂದಿಲ್ಲ. ಎಳೆಯರ ಗಮನಶಕ್ತಿಯ ವಿಷಯದಲ್ಲಿಯೂ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಆದರೆ ಎರಡು ಭಾಷೆ ಮಗುವಿನ ಬುದ್ಧಿಯನ್ನು ಮಂಕಾಗಿಸುತ್ತದೆಂಬ 1923ರ ಮಾತಿಗೆ ಇಂದು ಆಧಾರ ಉಳಿದಿಲ್ಲ. ಕನ್ನಡವನ್ನು ಬಿಡಿಸಬೇಕೆನ್ನುವ ತಂದೆತಾಯಿಗಳಿಗೆ ಇಷ್ಟನ್ನು ನಿಸ್ಸಂಕೋಚವಾಗಿ ಹೇಳಬಹುದು, ನಾನೂ ಹೇಳುತ್ತೇನೆ.

ಈ ಶಾಸ್ತ್ರವನ್ನು ಮುಂದೆ ವ್ಯಾಸಂಗ ಮಾಡಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಗಚ್ಚಿಬೌಲಿಯ ಹೈದರಾಬಾದು ವಿಶ್ವವಿದ್ಯಾನಿಲಯದಲ್ಲಿ ಮಿದುಳು ಮತ್ತು ಅರಿವಿನ ವಿಜ್ಞಾನಗಳಿಗೆ ಪ್ರತ್ಯೇಕ ಕೇಂದ್ರವೇ ಇದೆ. ಎರಡು ಭಾಷೆ ಬಲ್ಲವರು ಒಂದು ಮಾತನ್ನು ಕೇಳಿದಾಗ ಅವರ ಕಣ್ಣು ಯಾವ ಚಿತ್ರದ ಕಡೆಗೆ ಹೊರಳುತ್ತದೆಂಬುದನ್ನು ಯಂತ್ರದಿಂದ ಗುರುತಿಸಿ, ಬಾಗಿಲಿನಲ್ಲಿ ನಿಂತ ಆ ಎರಡನೆಯ ಭಾಷೆಯ ಸುಳಿವನ್ನು ಅಲ್ಲಿ ಹಿಡಿಯುತ್ತಾರೆ. ಅದಕ್ಕೆ ಮೊದಲು ಮನೆಯ ಕನ್ನಡಿ ಸಾಕು. ದಿನಕ್ಕೆ ಐದು ಸುತ್ತಿನಂತೆ ಒಂದು ವಾರ ನಕ್ಷತ್ರವನ್ನು ಬರೆದು, ತೆಗೆದುಕೊಂಡ ಹೊತ್ತನ್ನೂ ಗೆರೆ ದಾಟಿದ ತಪ್ಪುಗಳನ್ನೂ ಪಟ್ಟಿ ಮಾಡಿರಿ. ಮೊದಲ ದಿನ ಒಂದು ಸುತ್ತು, ಕೊನೆಯ ದಿನ ಒಂದು ಸುತ್ತು ಎಡಗೈಯಿಂದ ಬರೆಯುವುದನ್ನು ಮರೆಯಬೇಡಿರಿ. ಪಟ್ಟಿಗಳನ್ನು ನನಗೆ ತಂದು ತೋರಿಸಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ.